ಡಿಎನ್‌ಎಗೆ ಅಣು ಅಂಟುವುದನ್ನು ಲ್ಯಾಬ್‌ನಲ್ಲಿ ನೋಡುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹೊಸ ಸಂಯುಕ್ತ ತಯಾರಿಸಿ, ಅದು ಡಿಎನ್‌ಎಗೆ ಅಂಟುತ್ತದೆಯೇ ಎಂದು ನೋಡುವುದು ನಮ್ಮ ಕಡೆಯ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಎಂ.ಎಸ್ಸಿ. ವಿದ್ಯಾರ್ಥಿಗಳು ಇಷ್ಟಪಟ್ಟು ಹಿಡಿಯುವ ಪ್ರಾಜೆಕ್ಟ್. ಒಳ್ಳೆಯ ವಿಷಯವೇ. ದುಬಾರಿ ಉಪಕರಣ ಇಲ್ಲದೆಯೂ ಅರ್ಧ ದಾರಿ ಹೋಗಬಹುದು. ಆದರೆ ಒಂದೇ ಪ್ರಯೋಗ ಮಾಡಿ ದೊಡ್ಡ ತೀರ್ಮಾನ ಬರೆದುಬಿಡುವುದು ಜಾಸ್ತಿ. ಅಣು ಅಂಟಿತು ಎನ್ನುವುದು ಒಂದು ಮಾತು, ಹೇಗೆ ಅಂಟಿತು ಎನ್ನುವುದು ಬೇರೆಯೇ ಮಾತು. ಎರಡನೆಯದಕ್ಕೆ ಬೇರೆ ಬೇರೆ ಗುಣ ಅಳೆಯುವ ಎರಡು ಮೂರು ಪ್ರಯೋಗ ಬೇಕೇ ಬೇಕು. ಕೆಳಗಿನ ಉತ್ತರಗಳನ್ನು ನಮ್ಮ ಬಿಸಿಲು, ಬೋರ್‌ವೆಲ್ ನೀರು, ಹೋಗಿ ಬರುವ ಕರೆಂಟ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬರೆದಿದೆ.

ಇದನ್ನು ಯಾಕೆ ಅಧ್ಯಯನ ಮಾಡಬೇಕು?

ಜೀವಕೋಶ ಒಂದು ಎರಡಾಗಬೇಕಾದರೆ ಮೊದಲು ಡಿಎನ್‌ಎ ನಕಲಾಗಬೇಕು. ಆ ಕೆಲಸಕ್ಕೆ ಅಡ್ಡ ಬರುವ ಅಣು ಕ್ಯಾನ್ಸರ್ ಕೋಶದ ಬೆಳವಣಿಗೆ ತಡೆಯಬಲ್ಲದು. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ಪ್ಲಾಟಿನಂ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ಹರಿಸಿದರು. ಬ್ಯಾಕ್ಟೀರಿಯಾ ಎರಡಾಗುವುದನ್ನು ಬಿಟ್ಟು ಉದ್ದುದ್ದ ಬೆಳೆದವು. ಎಲೆಕ್ಟ್ರೋಡ್‌ನಿಂದ ಬಿಟ್ಟುಬಂದ ಪ್ಲಾಟಿನಂ ಸಂಯುಕ್ತಗಳೇ ಅದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ಅಲ್ಲಿಂದ ಬಂದ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಇಂದಿಗೂ ಬಳಕೆಯಲ್ಲಿದೆ. ಡಾಕ್ಸೊರುಬಿಸಿನ್, ಆಕ್ಟಿನೋಮೈಸಿನ್ ಡಿ ಕೂಡ ಡಿಎನ್‌ಎಗೆ ಅಂಟಿಯೇ ಕೆಲಸ ಮಾಡುವ ಔಷಧಗಳು.

ನಿಮ್ಮ ಪ್ರಾಜೆಕ್ಟ್‌ನ ಸಂಯುಕ್ತ ನಾಳೆಯೇ ಔಷಧವಾಗುವುದಿಲ್ಲ. ಡಿಎನ್‌ಎಗೆ ಅಂಟುವ ಎಷ್ಟೋ ಅಣುಗಳು ಔಷಧವೇ ಅಲ್ಲ, ಕೆಲವು ವಿಷ. ಹಾಗಾಗಿ ರಿಪೋರ್ಟ್‌ನಲ್ಲಿ ‘ಕ್ಯಾನ್ಸರ್‌ಗೆ ಮದ್ದು’ ಎಂದು ಬರೆಯಬೇಡಿ.

ಅಣು ಎಷ್ಟು ರೀತಿಯಲ್ಲಿ ಅಂಟಬಹುದು?

ಮುಖ್ಯವಾಗಿ ನಾಲ್ಕು ರೀತಿ. ಸಿಸ್‌ಪ್ಲಾಟಿನ್ ಥರದವು ಗ್ವಾನಿನ್‌ನ ಎನ್7 ಸಾರಜನಕದ ಜೊತೆ ಗಟ್ಟಿ ಬಂಧ ಮಾಡಿಕೊಳ್ಳುತ್ತವೆ. ಸುಲಭಕ್ಕೆ ಬಿಡುವುದಿಲ್ಲ. ಉಳಿದ ಮೂರು ಬಿಟ್ಟು ಹಿಡಿಯುವ ಬಗೆಗಳು.

ಅವುಗಳಲ್ಲಿ ಎಲ್ಲರ ಬಾಯಲ್ಲಿರುವುದು ಇಂಟರ್ಕಲೇಶನ್. ಚಪ್ಪಟೆ ಅಣುವೊಂದು ಎರಡು ಬೇಸ್ ಜೋಡಿಗಳ ನಡುವೆ ತೂರಿಕೊಳ್ಳುತ್ತದೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ಜೋಳದ ರೊಟ್ಟಿಗಳ ನಡುವೆ ರಟ್ಟಿನ ತುಂಡು ತೂರಿಸಿದರೆ ಸಾಲು ಎತ್ತರವಾಗುತ್ತದಲ್ವಾ, ಹಾಗೆ. ಸಾಮಾನ್ಯವಾಗಿ ಬೇಸ್ ಜೋಡಿಗಳ ನಡುವಿನ ಅಂತರ 0.34 ನ್ಯಾನೋಮೀಟರ್. ಅಣು ತೂರಿದ ಕಡೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಡಿಎನ್‌ಎ ಉದ್ದವಾಗುತ್ತದೆ, ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಎಥಿಡಿಯಂ ಎಂಬ ಹೊಳೆಯುವ ಬಣ್ಣದ ಒಂದು ಅಣು ತೂರಿದರೆ ಸುಮಾರು 26 ಡಿಗ್ರಿ ಬಿಚ್ಚುತ್ತದೆ. ಈ ಚಿತ್ರವನ್ನು 1961ರಲ್ಲಿ ಲಿಯೊನಾರ್ಡ್ ಲರ್ಮನ್ ಮುಂದಿಟ್ಟರು. ಅವರು ಬಳಸಿದ್ದು ಅಕ್ರಿಡಿನ್ ಬಣ್ಣಗಳನ್ನು. ಉದ್ದವಾಗುತ್ತದೆ ಎಂಬ ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಗ್ರೂವ್ ಬೈಂಡಿಂಗ್. ಸುರುಳಿಯ ಹೊರಮೈಯಲ್ಲಿ ಒಂದು ಅಗಲವಾದ, ಒಂದು ಕಿರಿದಾದ ಕಾಲುವೆ ಇವೆ. ಹೂಕ್ಸ್ಟ್ 33258, ನೆಟ್ರಾಪ್ಸಿನ್, ಡಿಎಪಿಐ ಇವೆಲ್ಲ ಎ-ಟಿ ಜಾಸ್ತಿ ಇರುವ ಜಾಗದ ಕಿರಿದಾದ ಕಾಲುವೆಯಲ್ಲಿ ಕೂರುತ್ತವೆ. ನಾಲ್ಕನೆಯದು ಬರೀ ವಿದ್ಯುತ್ ಆಕರ್ಷಣೆ. ಡಿಎನ್‌ಎ ಬೆನ್ನೆಲುಬಿನ ಫಾಸ್ಫೇಟ್‌ಗಳು ಋಣ ವಿದ್ಯುದಂಶದವು. ಹಾಗಾಗಿ ಮೆಗ್ನೀಸಿಯಂ, ಸ್ಪರ್ಮಿನ್ ಮುಂತಾದ ಧನ ವಿದ್ಯುದಂಶದವು ಹೊರಗಿನಿಂದ ಸುತ್ತಿಕೊಳ್ಳುತ್ತವೆ.

ಎಲ್ಲಿಂದ ಶುರು ಮಾಡಲಿ?

ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್‌ನಿಂದ, ಅಂದರೆ ದ್ರಾವಣ ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಉಪಕರಣದಿಂದ. ಪಿ.ಜಿ. ಡಿಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಸಂಯುಕ್ತದ ಪ್ರಮಾಣ ಹಾಗೇ ಇಟ್ಟು, ಡಿಎನ್‌ಎಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋಗಿ. ಪ್ರತಿ ಸಲ ಐದು ಹತ್ತು ನಿಮಿಷ ಬಿಟ್ಟು ಸ್ಪೆಕ್ಟ್ರಂ ತೆಗೆಯಿರಿ. ಸಂಯುಕ್ತದ ಪೀಕ್ ಕುಗ್ಗಿದರೆ ಹೈಪೋಕ್ರೋಮಿಸಂ. ಉದ್ದ ತರಂಗದ ಕಡೆ ಸರಿದರೆ ರೆಡ್ ಶಿಫ್ಟ್.

ಕ್ಯುವೆಟ್ (ದ್ರಾವಣ ಹಾಕಿ ಉಪಕರಣದಲ್ಲಿಡುವ ಚಿಕ್ಕ ಪಾತ್ರೆ) ಕ್ವಾರ್ಟ್ಜ್‌ನದೇ ಆಗಿರಬೇಕು. ಗಾಜಿನದು, ಅಗ್ಗದ ಪ್ಲಾಸ್ಟಿಕ್‌ನದು 260 ನ್ಯಾನೋಮೀಟರ್‌ನಲ್ಲಿ ಬೆಳಕನ್ನು ತಾನೇ ಹೀರಿಬಿಡುತ್ತದೆ. ಇನ್ನೊಂದು ಮಾತು: ಡಿಎನ್‌ಎ ಕೂಡ ಅಲ್ಲಿಯೇ ಬೆಳಕು ಹೀರುತ್ತದೆ. ನಿಮ್ಮ ಸಂಯುಕ್ತದ ಪೀಕ್ 300ಕ್ಕಿಂತ ಕೆಳಗಿದ್ದರೆ, ರೆಫರೆನ್ಸ್ ಕ್ಯುವೆಟ್‌ಗೂ ಅಷ್ಟೇ ಡಿಎನ್‌ಎ ಹಾಕಿ ಅದರ ಪಾಲನ್ನು ಕಳೆಯಿರಿ. ಸಾಧ್ಯವಿದ್ದರೆ 350ಕ್ಕಿಂತ ಮೇಲಿನ ಪೀಕ್ ಆರಿಸಿಕೊಳ್ಳಿ. ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ.

ಡಿಎನ್‌ಎ ಎಷ್ಟಿದೆ, ಶುದ್ಧವಾಗಿದೆಯಾ ಅಂತ ಹೇಗೆ ತಿಳಿಯುವುದು?

260 ಮತ್ತು 280 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯಿರಿ. ಎರಡರ ಅನುಪಾತ 1.8ರಿಂದ 1.9 ಬಂದರೆ ಪ್ರೋಟೀನ್ ಅಷ್ಟಾಗಿ ಇಲ್ಲ. ಕಡಿಮೆ ಬಂದರೆ ಆ ಡಿಎನ್‌ಎ ನಂಬಬೇಡಿ. ಸಾಂದ್ರತೆಗೆ 6600 ಎಂಬ ಮೋಲಾರ್ ಹೀರುವಿಕೆಯ ಅಂಕಿ ಬಳಸುತ್ತಾರೆ. ಇದು ಒಂದು ನ್ಯೂಕ್ಲಿಯೋಟೈಡ್‌ಗೆ ಲೆಕ್ಕ. ಬೇಸ್ ಜೋಡಿಗಾದರೆ 13,200. ಎರಡರಲ್ಲಿ ಯಾವುದನ್ನು ಹಿಡಿದಿದ್ದೀರಿ ಎಂದು ರಿಪೋರ್ಟ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ನಿಮ್ಮ ಕೆಬಿ (ಅಂಟುವ ಬಲ ಹೇಳುವ ಸ್ಥಿರಾಂಕ) ಬೆಲೆಯನ್ನು ಬೇರೆಯವರದಕ್ಕೆ ಹೋಲಿಸುವಾಗ ಎರಡು ಪಟ್ಟು ವ್ಯತ್ಯಾಸ ಸುಮ್ನೆ ನುಸುಳುತ್ತದೆ.

ಈ ಪ್ರಯೋಗಗಳಿಗೆ ಸಾಮಾನ್ಯವಾಗಿ ಕೊಳ್ಳುವುದು ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಡಿಎನ್‌ಎ. ನಾರಿನಂಥ ಆ ಡಿಎನ್‌ಎಯನ್ನು ಬಫರ್‌ಗೆ (ಪಿಎಚ್ ಕಾಯ್ದುಕೊಳ್ಳುವ ದ್ರಾವಣ) ಹಾಕಿ, ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಅವಸರಕ್ಕೆ ಜೋರಾಗಿ ಕುಲುಕಿದರೆ ಉದ್ದ ಎಳೆಗಳು ತುಂಡಾಗುತ್ತವೆ. ಕರಗಿಸಿದ ಡಿಎನ್‌ಎಯನ್ನು ನಾಲ್ಕು ದಿನದೊಳಗೆ ಬಳಸುವುದು ರೂಢಿ.

ಕರುವಿನ ಥೈಮಸ್ ಡಿಎನ್‌ಎ ಬಳಸಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಇದೆ. ಸಾಲ್ಮನ್ ಮೀನಿನ ಡಿಎನ್‌ಎ ಮಾರುಕಟ್ಟೆಯಲ್ಲಿ ಸಿಗುತ್ತದೆ, ಪ್ರಕಟವಾದ ಕೆಲಸಗಳಲ್ಲೂ ಬಳಸಿದ್ದಾರೆ. ಎರಡರಲ್ಲೂ ಜಿ-ಸಿ ಪಾಲು ಶೇ. 41-42ರ ಆಸುಪಾಸು. ಹಾಗಾಗಿ ಫಲಿತಾಂಶ ತೀರಾ ಬೇರೆಯಾಗುವುದಿಲ್ಲ. ಮನಸ್ಸಿಗೆ ಒಪ್ಪದ್ದನ್ನು ಗೈಡ್ ಹತ್ತಿರ ಮೊದಲೇ ಹೇಳಿ, ಸಂಕೋಚ ಬೇಡ.

ರಾಯಚೂರು ಕಡೆಯವರು ಹತ್ತಿ ಎಲೆಯಿಂದಲೋ ಭತ್ತದಿಂದಲೋ ನಾವೇ ಡಿಎನ್‌ಎ ತೆಗೆಯಬಹುದಾ ಎಂದು ಕೇಳುತ್ತಾರೆ. ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಲ್ಲಿ ತೆಗೆಯಬಹುದು. ಪಿಸಿಆರ್‌ಗೆ ಅದು ಸಾಕಾಗುತ್ತದೆ. ಆದರೆ ಹತ್ತಿಯಲ್ಲಿ ಪಾಲಿಫೀನಾಲ್, ಪಾಲಿಸ್ಯಾಕರೈಡ್ ಬಹಳ. ಅವು ಡಿಎನ್‌ಎ ಜೊತೆಗೇ ಬಂದು ಯುವಿ ರೀಡಿಂಗ್ ಕೆಡಿಸುತ್ತವೆ. ಬೈಂಡಿಂಗ್ ಪ್ರಯೋಗಕ್ಕೆ ಬೇಕಾಗುವ ಪ್ರಮಾಣವೂ ಜಾಸ್ತಿ. ಕೊಂಡ ಡಿಎನ್‌ಎಯೇ ವಾಸಿ.

ನೀರು ಯಾವುದು? ಆರ್‌ಒ ನೀರು ಆಗುತ್ತದಾ?

ಆಗುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪ ಉಳಿದರೂ ಅವು ಫಾಸ್ಫೇಟ್‌ಗಳನ್ನು ಹಿಡಿದು ಡಿಎನ್‌ಎಯನ್ನು ಗಟ್ಟಿ ಮಾಡುತ್ತವೆ, ನಿಮ್ಮ ಅಣುವಿನ ಜಾಗಕ್ಕೆ ಪೈಪೋಟಿ ಕೊಡುತ್ತವೆ. ಎರಡು ಸಲ ಭಟ್ಟಿ ಇಳಿಸಿದ ನೀರೋ, ಮಿಲಿ-ಕ್ಯೂ ನೀರೋ ಬೇಕು.

ಬೇಸಿಗೆಯಲ್ಲಿ ರೀಡಿಂಗ್ ಬೇರೆ ಬರುತ್ತದೆ, ಚಳಿಗಾಲದಲ್ಲಿ ಬೇರೆ. ಯಾಕೆ?

ಮೊದಲು ಬಫರ್ ನೋಡಿ. ಈ ಕೆಲಸಕ್ಕೆ ಸಾಮಾನ್ಯವಾಗಿ 5 ಮಿಲಿಮೋಲಾರ್ ಟ್ರಿಸ್, 50 ಮಿಲಿಮೋಲಾರ್ ಉಪ್ಪು, ಪಿಎಚ್ 7.2 ಬಳಸುತ್ತಾರೆ. ಟ್ರಿಸ್‌ನ ಪಿಎಚ್ ಒಂದು ಡಿಗ್ರಿ ಬಿಸಿಗೆ ಸುಮಾರು 0.028 ಇಳಿಯುತ್ತದೆ. ಎಸಿ ಇರುವ ಕೋಣೆಯಲ್ಲಿ 25 ಡಿಗ್ರಿಯಲ್ಲಿ 7.2 ಮಾಡಿಟ್ಟ ಬಫರ್, ಏಪ್ರಿಲ್‌ನಲ್ಲಿ 38 ಡಿಗ್ರಿ ಇರುವ ಲ್ಯಾಬ್‌ಗೆ ಬಂದರೆ 6.8ರ ಹತ್ತಿರ ಇರುತ್ತದೆ. ನಿಮ್ಮ ಸಂಯುಕ್ತ ಆ ಮಟ್ಟದಲ್ಲಿ ಪ್ರೋಟಾನ್ ತೆಗೆದುಕೊಳ್ಳುವಂಥದ್ದಾದರೆ ಅದರ ವಿದ್ಯುದಂಶವೇ ಬದಲಾಯಿತು. ಇನ್ನು ಅಂಟುವ ಬಲ ಹೇಗೆ ಅದೇ ಇರುತ್ತದೆ?

ಪ್ರಯೋಗ ನಡೆಸುವ ಉಷ್ಣತೆಯಲ್ಲಿಯೇ ಪಿಎಚ್ ಹೊಂದಿಸಿ. ಫಾಸ್ಫೇಟ್ ಬಫರ್ ಬಿಸಿಗೆ ಅಷ್ಟು ಅಲುಗಾಡುವುದಿಲ್ಲ. ಆದರೆ ಕೆಲವು ಲೋಹದ ಸಂಕೀರ್ಣಗಳು ಅದರಲ್ಲಿ ಮಡ್ಡಿಯಾಗಿ ಕೂರುತ್ತವೆ, ಮೊದಲೇ ಪರೀಕ್ಷಿಸಿ ನೋಡಿ. ಇನ್ನು ಅಂಟುವ ಕ್ರಿಯೆಯೇ ಉಷ್ಣತೆಯ ಮೇಲೆ ನಿಂತಿದೆ. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ರೀಡಿಂಗ್ ತೆಗೆದು ಒಂದೇ ಗ್ರಾಫ್‌ಗೆ ಸೇರಿಸಬೇಡಿ.

ನನ್ನ ಸಂಯುಕ್ತ ನೀರಿನಲ್ಲಿ ಕರಗುವುದಿಲ್ಲ. ಡಿಎಂಎಸ್‌ಒ ಹಾಕಬಹುದಾ?

ಈ ದ್ರಾವಕ ಹಾಕಬಹುದು. ಒಟ್ಟು ಶೇ. 1-2 ಮೀರದಂತೆ ನೋಡಿಕೊಳ್ಳಿ. ಪ್ರತಿಯೊಂದು ಕಂಟ್ರೋಲ್‌ನಲ್ಲೂ ಅಷ್ಟೇ ಡಿಎಂಎಸ್‌ಒ ಇರಲಿ. ಡಿಎಂಎಸ್‌ಒ, ಡಿಎಂಎಫ್ ಎರಡೂ ಸುಮಾರು 268 ನ್ಯಾನೋಮೀಟರ್‌ಗಿಂತ ಕೆಳಗೆ ತಾವೇ ಬೆಳಕು ಹೀರುತ್ತವೆ. ಡಿಎನ್‌ಎ ಪೀಕ್ ಇರುವುದೂ ಅಲ್ಲೇ. ಸಂಯುಕ್ತ ಸೇರಿಸಿದ ಮೇಲೆ ದ್ರಾವಣ ಸ್ವಲ್ಪ ಮಬ್ಬಾದರೂ ಆ ರೀಡಿಂಗ್ ಬಿಟ್ಟುಬಿಡಿ.

ಹೈಪೋಕ್ರೋಮಿಸಂ ಬಂತು, 3 ನ್ಯಾನೋಮೀಟರ್ ರೆಡ್ ಶಿಫ್ಟೂ ಬಂತು. ಇಂಟರ್ಕಲೇಶನ್ ಅಂತ ಬರೆಯಬಹುದಾ?

ಬರೆಯಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಇಂಟರ್ಕಲೇಶನ್ ಆದಾಗ ಪೀಕ್ ಕುಗ್ಗುವುದು ನಿಜ. ಅಣುವಿನ ಎಲೆಕ್ಟ್ರಾನ್‌ಗಳೂ ಬೇಸ್‌ಗಳ ಎಲೆಕ್ಟ್ರಾನ್‌ಗಳೂ ಮುಖಾಮುಖಿ ಒತ್ತಾಗಿ ಕೂತಾಗ ಹಾಗಾಗುತ್ತದೆ. ಆದರೆ ಕಾಲುವೆಯಲ್ಲಿ ಕೂತರೂ ಪೀಕ್ ಕುಗ್ಗಬಹುದು. ಅಣುಗಳು ಡಿಎನ್‌ಎ ಮೈಮೇಲೆ ಒಂದರ ಪಕ್ಕ ಒಂದು ಗುಂಪುಗೂಡಿದರೂ ಕುಗ್ಗಬಹುದು. ಸಂಯುಕ್ತ ನಿಧಾನಕ್ಕೆ ತಳಕ್ಕೆ ಕೂತರೂ, ಕ್ಯುವೆಟ್ ಗೋಡೆಗೆ ಅಂಟಿದರೂ ಕುಗ್ಗುತ್ತದೆ. ಡಿಎನ್‌ಎ ದ್ರಾವಣ ಸೇರಿಸುತ್ತ ಹೋದಂತೆ ಸಂಯುಕ್ತ ತೆಳುವಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರಂತೂ ಕುಗ್ಗಲೇಬೇಕು. ಅದಕ್ಕೆ ಡಿಎನ್‌ಎ ದ್ರಾವಣದಲ್ಲೂ ಅಷ್ಟೇ ಸಂಯುಕ್ತ ಬೆರೆಸಿಟ್ಟುಕೊಳ್ಳಿ, ಆಗ ತೆಳುವಾಗುವ ಪ್ರಶ್ನೆಯೇ ಇಲ್ಲ.

ಎಲ್ಲ ಸ್ಪೆಕ್ಟ್ರಂಗಳೂ ಒಂದೇ ಬಿಂದುವಿನಲ್ಲಿ ದಾಟಿಹೋದರೆ, ಅಂದರೆ ಐಸೋಸ್ಬೆಸ್ಟಿಕ್ ಬಿಂದು ಸಿಕ್ಕರೆ, ಬಿಡಿ ಅಣು ಮತ್ತು ಅಂಟಿದ ಅಣು ಎಂಬ ಎರಡೇ ರೂಪಗಳಿವೆ ಎನ್ನಲು ಒಳ್ಳೆಯ ಆಧಾರ. ಅದು ಕೂಡ ಅಣು ಎಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ಯುವಿ ಆದ ಮೇಲೆ ‘ಅಂಟುತ್ತದೆ, ಇಷ್ಟು ಬಲದಿಂದ ಅಂಟುತ್ತದೆ’ ಎಂಬಲ್ಲಿಗೆ ನಿಲ್ಲಿಸಿ.

ಕೆಬಿ ಎಷ್ಟು ಬಂದರೆ ಒಳ್ಳೆಯದು?

ವೋಲ್ಫ್-ಶಿಮರ್ ಸಮೀಕರಣದ ಗ್ರಾಫ್ ಹಾಕಿ, ಸ್ಲೋಪನ್ನು ಇಂಟರ್ಸೆಪ್ಟ್‌ನಿಂದ ಭಾಗಿಸಿದರೆ ಕೆಬಿ ಸಿಗುತ್ತದೆ. ಲೋಹದ ಸಂಕೀರ್ಣಗಳಿಗೆ 10⁴ರಿಂದ 10⁵ ಬರುವುದು ಸಾಮಾನ್ಯ. ಎಥಿಡಿಯಂಗೆ 10⁵-10⁶ರ ಆಸುಪಾಸು, ಉಪ್ಪು ಕಡಿಮೆಯಿದ್ದರೆ ಇನ್ನೂ ಜಾಸ್ತಿ. ಹೂಕ್ಸ್ಟ್‌ನಂಥವು ತಮಗೆ ಹೊಂದುವ ಜಾಗದಲ್ಲಿ 10⁸ ದಾಟುತ್ತವೆ. 10⁵ ಎಂದರೆ 25 ಡಿಗ್ರಿಯಲ್ಲಿ ಮೋಲ್‌ಗೆ ಸುಮಾರು 28.5 ಕಿಲೋಜೂಲ್ ಶಕ್ತಿ ಇಳಿಕೆ.

ಉಪ್ಪಿನ ಪ್ರಮಾಣ ಹೇಳದ ಕೆಬಿಗೆ ಬೆಲೆಯಿಲ್ಲ. ಇನ್ನೊಂದು, ವೋಲ್ಫ್-ಶಿಮರ್ ಸರಳ ಲೆಕ್ಕ. ಒಂದು ಅಣು ಕೂತರೆ ಅಕ್ಕಪಕ್ಕದ ಎಷ್ಟು ಬೇಸ್ ಜೋಡಿ ಮುಚ್ಚಿಹೋಗುತ್ತವೆ ಎನ್ನುವುದು ಅದರಲ್ಲಿ ಬರುವುದಿಲ್ಲ. ಅದಕ್ಕಾಗಿಯೇ 1974ರಲ್ಲಿ ಮೆಕ್‌ಗೀ ಮತ್ತು ವಾನ್ ಹಿಪ್ಪೆಲ್ ಬೇರೆ ಸಮೀಕರಣ ಕೊಟ್ಟರು. ಪಿಎಚ್.ಡಿ. ಮಾಡುವವರು ಅದನ್ನೇ ಬಳಸಿ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸರಳ ಲೆಕ್ಕ ಸಾಕು.

ಎಥಿಡಿಯಂ ಬ್ರೋಮೈಡ್ ಪ್ರಯೋಗದಲ್ಲಿ ಬೆಳಕು ಕಡಿಮೆಯಾದರೆ ಏನು ಅರ್ಥ?

ಬಿಡಿಯಾಗಿ ನೀರಿನಲ್ಲಿದ್ದಾಗ ಎಥಿಡಿಯಂ ಮಂಕು. ಅದರ ಹೊಳಪಿನ ಆಯಸ್ಸು ಸುಮಾರು 1.8 ನ್ಯಾನೋಸೆಕೆಂಡ್. ಬೇಸ್‌ಗಳ ನಡುವೆ ಹೊಕ್ಕಾಗ ನೀರಿನ ಕಾಟ ತಪ್ಪುತ್ತದೆ, ಆಯಸ್ಸು 22 ನ್ಯಾನೋಸೆಕೆಂಡ್‌ನಷ್ಟಾಗುತ್ತದೆ, ಕಿತ್ತಳೆ ಬಣ್ಣದ ಬೆಳಕು ಜೋರಾಗುತ್ತದೆ. ಈಗ ನಿಮ್ಮ ಸಂಯುಕ್ತ ಸೇರಿಸಿದಿರಿ. ಅದು ಎಥಿಡಿಯಂನ ಜಾಗ ಕಿತ್ತುಕೊಂಡರೆ ಬೆಳಕು ಇಳಿಯುತ್ತದೆ. ಸ್ಟರ್ನ್-ವೋಲ್ಮರ್ ಗ್ರಾಫ್ ಹಾಕಿ ಸ್ಥಿರಾಂಕ ತೆಗೆಯುತ್ತೀರಿ.

ಆದರೆ ಎಥಿಡಿಯಂ ಜಾಗದಲ್ಲೇ ಇದ್ದುಕೊಂಡು, ನಿಮ್ಮ ಸಂಯುಕ್ತ ಪಕ್ಕದಲ್ಲಿ ಬಂದು ಅದರ ಬೆಳಕು ಆರಿಸಿದರೂ ಗ್ರಾಫ್ ಹೀಗೇ ಇರುತ್ತದೆ. ತಾಮ್ರದ ಸಂಕೀರ್ಣಗಳಲ್ಲಿ ಇದನ್ನು ತಳ್ಳಿಹಾಕಲು ಆಗದು. ಕಾಲುವೆಯಲ್ಲಿ ಕೂತ ಅಣು ಡಿಎನ್‌ಎ ಆಕಾರ ಬದಲಿಸಿಯೂ ಎಥಿಡಿಯಂ ಹೊರಹಾಕಬಹುದು. ಜೊತೆಗೆ ಬಣ್ಣದ ಸಂಯುಕ್ತಗಳದ್ದು ಇನ್ನೊಂದು ತೊಂದರೆ: ಅವು ಬೆಳಕನ್ನು ಸುಮ್ನೆ ನುಂಗಿಬಿಡುತ್ತವೆ, ಡಿಎನ್‌ಎಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇದಕ್ಕೆ ಇನ್ನರ್ ಫಿಲ್ಟರ್ ಎಫೆಕ್ಟ್ ಎನ್ನುತ್ತಾರೆ. ಒಳಹೋಗುವ ಮತ್ತು ಹೊರಬರುವ ತರಂಗಗಳಲ್ಲಿ ಹೀರುವಿಕೆ ಅಳೆದು, ಎರಡೂ ಕೂಡಿಸಿ, ಅರ್ಧ ಮಾಡಿ, 10ರ ಆ ಘಾತದಿಂದ ರೀಡಿಂಗ್ ಗುಣಿಸಿದರೆ ಸರಿಹೋಗುತ್ತದೆ. ಹೀರುವಿಕೆ 0.1ಕ್ಕಿಂತ ಜಾಸ್ತಿ ಇದ್ದರೆ ಇದನ್ನು ಬಿಡಲೇಬಾರದು.

ಹೂಕ್ಸ್ಟ್ 33258 ಹಾಕಿ ಇದೇ ಪ್ರಯೋಗ ಇನ್ನೊಮ್ಮೆ ಮಾಡಿ. ನಿಮ್ಮ ಸಂಯುಕ್ತ ಎಥಿಡಿಯಂ ತೆಗೆದು ಹೂಕ್ಸ್ಟ್ ಮುಟ್ಟದಿದ್ದರೆ ಮಾತಿಗೆ ತೂಕ ಬರುತ್ತದೆ. ಎರಡನ್ನೂ ತೆಗೆದರೆ ನಿಧಾನಿಸಿ.

ಎಥಿಡಿಯಂ ಅಪಾಯಕಾರಿಯಾ?

ಡಿಎನ್‌ಎ ಒಳಗೆ ಹೊಕ್ಕು ಕೂರುವ ವಸ್ತು, ಅಂದಮೇಲೆ ಎಚ್ಚರ ಬೇಕು. ಪುಡಿ ತೂಗುವಾಗ ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿ. ಸಾಧ್ಯವಿದ್ದರೆ ಪುಡಿಯ ಬದಲು ದ್ರಾವಣವನ್ನೇ ಕೊಳ್ಳಿ. ಉಳಿದದ್ದನ್ನು ಸಿಂಕ್‌ಗೆ ಸುರಿಯಬೇಡಿ, ಬ್ಲೀಚ್ ಕೂಡ ಹಾಕಬೇಡಿ. ಆಕ್ಟಿವೇಟೆಡ್ ಚಾರ್ಕೋಲ್‌ಗೆ ಹೀರಿಸಿ, ಇದ್ದಿಲನ್ನು ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಜೆಲ್ ನೋಡುವ ಯುವಿ ಪೆಟ್ಟಿಗೆಯ ಮುಂದೆ ಮುಖಕ್ಕೆ ಶೀಲ್ಡ್ ಇಲ್ಲದೆ ನಿಲ್ಲಬೇಡಿ.

ವಿಸ್ಕಾಸಿಟಿ ಹಳೇ ಕಾಲದ ಪ್ರಯೋಗ ಅಲ್ವಾ? ಅದನ್ನು ಯಾಕೆ ಮಾಡಬೇಕು?

ವಿಸ್ಕಾಸಿಟಿ ಅಂದರೆ ದ್ರಾವಣ ಎಷ್ಟು ಮಂದ ಎಂಬ ಅಳತೆ. ಹಳೆಯದು ನಿಜ. ಆದರೆ ಸ್ಫಟಿಕ ರಚನೆ, ಎನ್‌ಎಂಆರ್ ಇಲ್ಲದಿದ್ದಾಗ ಇಂಟರ್ಕಲೇಶನ್ ಹೌದೋ ಅಲ್ಲವೋ ಎನ್ನಲು ದ್ರಾವಣದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಕಡಿಮೆ. ಅಣು ತೂರಿದರೆ ಡಿಎನ್‌ಎ ಉದ್ದವಾಗಬೇಕು. ಉದ್ದವಾದರೆ ದ್ರಾವಣ ಮಂದವಾಗಬೇಕು. ಬಣ್ಣ, ಹೊಳಪು ಯಾವುದರ ಹಂಗೂ ಇಲ್ಲ. ಬೇಕಾಗುವುದು ಬಿ.ಎಸ್ಸಿ. ಲ್ಯಾಬ್ ಕಪಾಟಿನಲ್ಲಿ ಇರುವ ಆಸ್ಟ್ವಾಲ್ಡ್ ವಿಸ್ಕೋಮೀಟರ್, ಒಂದು ಸ್ಟಾಪ್‌ವಾಚ್, ನೀರಿನ ತೊಟ್ಟಿ. ನಮ್ಮಂಥ ಊರುಗಳ ಕಾಲೇಜಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ ಎಂದೇ ನನ್ನ ನಂಬಿಕೆ.

ಮಾಡುವ ರೀತಿ ಹೀಗೆ. ಡಿಎನ್‌ಎಯನ್ನು ಸೋನಿಕೇಟ್ ಮಾಡಿ (ಶಬ್ದ ತರಂಗದಿಂದ ಒಡೆದು) ಕೆಲವು ನೂರು ಬೇಸ್ ಜೋಡಿಯ ತುಂಡುಗಳಾಗಿಸಿ. ಉದ್ದ ಎಳೆ ಬಾಗಿ ಸುತ್ತಿಕೊಳ್ಳುತ್ತದೆ, ಉದ್ದದ ವ್ಯತ್ಯಾಸ ಮರೆಯಾಗುತ್ತದೆ. ಚಿಕ್ಕ ತುಂಡು ಕಡ್ಡಿಯಂತೆ ನೇರ ಇರುತ್ತದೆ. ಬಫರ್ ಹರಿಯುವ ಸಮಯ, ಡಿಎನ್‌ಎ ಹರಿಯುವ ಸಮಯ, ಆಮೇಲೆ ಸಂಯುಕ್ತ ಸ್ವಲ್ಪ ಸ್ವಲ್ಪ ಸೇರಿಸುತ್ತ ಪ್ರತಿ ಹಂತದ ಸಮಯ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಸಲ ಓಡಿಸಿ, ಸರಾಸರಿ ಹಿಡಿಯಿರಿ. ಸಾಪೇಕ್ಷ ವಿಸ್ಕಾಸಿಟಿಯ ಘನಮೂಲವನ್ನು, ಸಂಯುಕ್ತ ಮತ್ತು ಡಿಎನ್‌ಎ ಅನುಪಾತದ ಎದುರು ಗ್ರಾಫ್ ಹಾಕಿ. ಘನಮೂಲ ಯಾಕೆಂದರೆ, ಕಡ್ಡಿಯಂಥ ಡಿಎನ್‌ಎಯ ಉದ್ದ ಅದಕ್ಕೆ ಅನುಗುಣವಾಗಿ ಹೋಗುತ್ತದೆ. ಎಥಿಡಿಯಂದೂ ಒಂದು ಗೆರೆ ಎಳೆಯಿರಿ, ಹೋಲಿಸಲು ಬೇಕು.

ಗೆರೆ ಎಥಿಡಿಯಂನಂತೆ ಏರಿದರೆ ಇಂಟರ್ಕಲೇಶನ್. ಅಡ್ಡಕ್ಕೆ ಮಲಗಿದರೆ ಕಾಲುವೆಯಲ್ಲಿ ಕೂತಿದೆ, ಇಲ್ಲವೇ ಹೊರಗಿನಿಂದ ಹಿಡಿದಿದೆ. ಇಳಿದರೆ ಡಿಎನ್‌ಎ ಬಾಗಿದೆ. ಅಣುವಿನ ಒಂದು ತುದಿ ಮಾತ್ರ ಅರ್ಧ ತೂರಿದಾಗ ಹಾಗಾಗಬಹುದು, ಸಿಸ್‌ಪ್ಲಾಟಿನ್ ಥರ ಗಟ್ಟಿ ಬಂಧ ಆದಾಗಲೂ ಹಾಗಾಗುತ್ತದೆ.

ಈಗ ನಮ್ಮ ಬಿಸಿಲಿನ ವಿಷಯ. ಪ್ರಕಟಿತ ವಿಧಾನಗಳಲ್ಲಿ 30 ಡಿಗ್ರಿ, ಹೆಚ್ಚೆಂದರೆ 0.1 ಡಿಗ್ರಿ ಆಚೀಚೆ ಎಂದಿರುತ್ತದೆ. ಬರೀ ಹೀಟರ್ ಇರುವ ತೊಟ್ಟಿ ಕೋಣೆಗಿಂತ ತಂಪಾಗಲು ಸಾಧ್ಯವೇ ಇಲ್ಲ. ಕೋಣೆ 38 ಇದ್ದರೆ ತೊಟ್ಟಿಯೂ 38, ಡಯಲ್ ಏನೇ ಹೇಳಲಿ. ನೀರಿನ ವಿಸ್ಕಾಸಿಟಿ ಒಂದು ಡಿಗ್ರಿಗೆ ಸುಮಾರು ಶೇ. 2 ಬದಲಾಗುತ್ತದೆ. ನೀವು ಹುಡುಕುತ್ತಿರುವ ಏರಿಕೆಯೇ ಕೆಲವೊಮ್ಮೆ ಅಷ್ಟು. ಹಾಗಾಗಿ ತಂಪು ಮಾಡುವ ಸರ್ಕ್ಯುಲೇಟರ್ ಇರಬೇಕು, ಇಲ್ಲವೇ ಡಿಸೆಂಬರ್-ಜನವರಿಯಲ್ಲಿ ಈ ಭಾಗ ಮುಗಿಸಿಕೊಳ್ಳಬೇಕು. ಎರಡೂ ಆಗದಿದ್ದರೆ ತೊಟ್ಟಿಯನ್ನು ಕೋಣೆಗಿಂತ ಮೇಲೆ, 42 ಡಿಗ್ರಿಗೆ ಇಟ್ಟು, ಎಥಿಡಿಯಂ ಗೆರೆಯನ್ನೂ ಅಲ್ಲೇ ತೆಗೆದು, ರಿಪೋರ್ಟ್‌ನಲ್ಲಿ ಹಾಗೆಯೇ ಬರೆಯಿರಿ. ಕೊಳ್ಳುವ ಅವಕಾಶ ಇದ್ದರೆ ಉಬ್ಬೆಲೋಡ್ ವಿಸ್ಕೋಮೀಟರ್ ಕೊಳ್ಳಿ. ಅದರಲ್ಲಿ ದ್ರಾವಣದ ಒಟ್ಟು ಪ್ರಮಾಣ ಬದಲಾದರೂ ಸಮಯ ಬದಲಾಗುವುದಿಲ್ಲ, ಸಂಯುಕ್ತವನ್ನು ಒಳಗೇ ಸೇರಿಸುತ್ತ ಹೋಗಬಹುದು.

ಡಿಎನ್‌ಎ ‘ಕರಗುವ’ ಉಷ್ಣತೆ ಅಳೆಯುವುದರಿಂದ ಏನು ಗೊತ್ತಾಗುತ್ತದೆ?

ಬಿಸಿ ಮಾಡಿದಾಗ ಎರಡು ಎಳೆ ಬೇರೆಯಾಗುತ್ತವೆ, 260ರಲ್ಲಿ ಹೀರುವಿಕೆ ಸುಮಾರು ಶೇ. 40 ಏರುತ್ತದೆ. ಏರಿಕೆಯ ನಡುಬಿಂದುವೇ ಟಿಎಂ. ಅಣು ಅಂಟಿ ಡಿಎನ್‌ಎಯನ್ನು ಬಿಗಿ ಮಾಡಿದರೆ ಟಿಎಂ ಮೇಲಕ್ಕೆ ಹೋಗುತ್ತದೆ. ಇಂಟರ್ಕಲೇಶನ್‌ಗೆ 5 ಡಿಗ್ರಿ ಅಥವಾ ಹೆಚ್ಚು ಏರಿಕೆ ಬೇಕು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ನೆಟ್ರಾಪ್ಸಿನ್‌ನಂಥ ಕಾಲುವೆಯ ಅಣುಗಳೂ ಟಿಎಂಅನ್ನು ಚೆನ್ನಾಗಿಯೇ ಏರಿಸುತ್ತವೆ. ಹಾಗಾಗಿ ಇದು ಬಲದ ಅಳತೆ, ಜಾಗದ ಅಳತೆ ಅಲ್ಲ. ಕ್ಯುವೆಟ್‌ಗೆ ಮುಚ್ಚಳ ಹಾಕಿ, ಆವಿಯಾದರೆ ಲೆಕ್ಕ ತಪ್ಪುತ್ತದೆ.

ಸಿಡಿ ಅಂದರೆ ಏನು? ಬೇಕೇ ಬೇಕಾ?

ಸರ್ಕ್ಯುಲರ್ ಡೈಕ್ರೋಯಿಸಂ. ಸುರುಳಿ ಎಡಕ್ಕೋ ಬಲಕ್ಕೋ ತಿರುಗಿದ್ದನ್ನು ಬೆಳಕಿನಿಂದ ನೋಡುವುದು. ಸಾಮಾನ್ಯ ಬಿ-ಡಿಎನ್‌ಎಗೆ 275ರ ಹತ್ತಿರ ಮೇಲ್ಮುಖ ಪಟ್ಟಿ, 245ರ ಹತ್ತಿರ ಕೆಳಮುಖ ಪಟ್ಟಿ. ಮೊದಲನೆಯದು ಬೇಸ್‌ಗಳು ಒತ್ತಾಗಿ ಕೂತಿರುವುದನ್ನು, ಎರಡನೆಯದು ಸುರುಳಿಯನ್ನು ತೋರಿಸುತ್ತದೆ. ನಿಜಕ್ಕೂ ಉಪಯೋಗವಾಗುವುದು ಇಂಡ್ಯೂಸ್ಡ್ ಸಿಡಿ. ತನಗೆ ತಾನೇ ಸಿಡಿ ತೋರದ ಅಣು ಡಿಎನ್‌ಎಗೆ ಅಂಟಿದ ಮೇಲೆ, ತನ್ನ ಪೀಕ್ ಇರುವ ಜಾಗದಲ್ಲಿ ಸಿಡಿ ತೋರಿಸುತ್ತದೆ. ಕಿರಿದಾದ ಕಾಲುವೆಯಲ್ಲಿ ಕೂತರೆ ಸಾಮಾನ್ಯವಾಗಿ ದೊಡ್ಡ ಮೇಲ್ಮುಖ ಪೀಕ್. ತೂರಿ ಕೂತರೆ ಚಿಕ್ಕದು, ಹೆಚ್ಚಾಗಿ ಕೆಳಮುಖ. ಉಪಕರಣ ಸಿಗುವುದಾದರೆ ಬಿಡಬೇಡಿ.

ಜೆಲ್ ಮಾಡಿದೆ. ಪ್ಲಾಸ್ಮಿಡ್ ಬ್ಯಾಂಡ್ ಬದಲಾಯಿತು. ಅದು ಬೈಂಡಿಂಗಾ?

ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಉಂಗುರದಂಥ ಡಿಎನ್‌ಎ. ಸೂಪರ್‌ಕಾಯಿಲ್ ಆಗಿರುವ, ಅಂದರೆ ಬಿಗಿಯಾಗಿ ತಿರುಚಿಕೊಂಡಿರುವ ಪಿಬಿಆರ್322 ಪ್ಲಾಸ್ಮಿಡ್ 4,361 ಬೇಸ್ ಜೋಡಿಯದು. ಅದು ಎಲ್ಲಕ್ಕಿಂತ ಮುಂದೆ ಓಡುತ್ತದೆ. ಒಂದು ಎಳೆ ತುಂಡಾದರೆ ಸಡಿಲ ಉಂಗುರವಾಗಿ ಹಿಂದೆ ಉಳಿಯುತ್ತದೆ. ಎರಡೂ ತುಂಡಾದರೆ ನೇರ ಎಳೆ, ನಡುವೆ ಬರುತ್ತದೆ. ಇದು ಡಿಎನ್‌ಎ ಕತ್ತರಿಸುವ ಶಕ್ತಿಯ ಪ್ರಯೋಗ. ಅಂಟುವುದಕ್ಕೂ ಕತ್ತರಿಸುವುದಕ್ಕೂ ವ್ಯತ್ಯಾಸವಿದೆ. ಪೆರಾಕ್ಸೈಡ್ ಜೊತೆ ತಾಮ್ರ ಹಾಕಿದರೆ ಅಂಟದೆಯೂ ಕತ್ತರಿಸಬಹುದು. ಬರೀ ಪೆರಾಕ್ಸೈಡ್, ಬರೀ ಲೋಹದ ಉಪ್ಪು, ಬರೀ ಲಿಗ್ಯಾಂಡ್ (ಲೋಹಕ್ಕೆ ಜೋಡಿಸಿದ ಅಣು) ಮೂರೂ ಕಂಟ್ರೋಲ್ ಲೇನ್ ಇಲ್ಲದ ಜೆಲ್ ಫೋಟೋ ರಿಪೋರ್ಟ್‌ಗೆ ಹಾಕಬೇಡಿ.

ಪ್ರೋಟೀನ್ ಡಿಎನ್‌ಎಗೆ ಅಂಟುವುದನ್ನು ನೋಡಬೇಕಾದರೆ?

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಬೆಳೆಗಳ ಮೇಲೆ ಕೆಲಸ ಮಾಡುವವರಿಗೆ ಈ ಪ್ರಶ್ನೆ ಬರುತ್ತದೆ. ಯಾವ ಪ್ರೋಟೀನ್ ಯಾವ ಜೀನ್‌ನ ಮುಂದೆ ಕೂತು ಅದನ್ನು ಎಬ್ಬಿಸುತ್ತದೆ ಎನ್ನುವುದು ಅವರಿಗೆ ಬೇಕು. ಮೊದಲ ಹೆಜ್ಜೆ ಎಂಸಾ (ಇಎಂಎಸ್‌ಎ) ಎಂಬ ಜೆಲ್ ಪ್ರಯೋಗ. ಪ್ರೋಟೀನ್ ಅಂಟಿದ ಡಿಎನ್‌ಎ ಜೆಲ್‌ನಲ್ಲಿ ನಿಧಾನ ಓಡುತ್ತದೆ. 1981ರಲ್ಲಿ ಗಾರ್ನರ್-ರೆವ್ಜಿನ್, ಫ್ರೈಡ್-ಕ್ರಾದರ್ಸ್ ಎಂಬ ಎರಡು ಜೋಡಿಗಳು ಬೇರೆ ಬೇರೆಯಾಗಿ ಇದನ್ನು ತಂದರು. ನಮ್ಮಲ್ಲಿ ಜೆಲ್ ಪೆಟ್ಟಿಗೆಯನ್ನು ಐಸ್‌ನಲ್ಲಿಟ್ಟು ಓಡಿಸಿ, ಬಿಸಿಗೆ ಜೋಡಿ ಬಿಟ್ಟುಹೋಗುತ್ತದೆ. ಯಾವ ಬೇಸ್‌ಗಳ ಮೇಲೆ ಕೂತಿದೆ ಎಂದು ತಿಳಿಯಲು ಡಿಎನ್‌ಏಸ್ ಫುಟ್‌ಪ್ರಿಂಟಿಂಗ್, 1978ರ ವಿಧಾನ. ಪ್ರೋಟೀನ್ ಮುಚ್ಚಿದ ಜಾಗವನ್ನು ಕಿಣ್ವ ಕತ್ತರಿಸಲಾರದು, ಜೆಲ್‌ನಲ್ಲಿ ಆ ಜಾಗ ಖಾಲಿ ಕಾಣುತ್ತದೆ. ಜೀವಂತ ಕೋಶದೊಳಗೆ ನೋಡಬೇಕಾದರೆ ಚಿಪ್ (ಪ್ರತಿಕಾಯದಿಂದ ಪ್ರೋಟೀನ್ ಹಿಡಿದು, ಅದಕ್ಕೆ ಅಂಟಿದ ಡಿಎನ್‌ಎ ಹೊರತೆಗೆಯುವ ವಿಧಾನ), ಇಡೀ ಜೀನೋಮ್‌ಗೆ ಚಿಪ್-ಸೀಕ್. ಅದು ಎಂ.ಎಸ್ಸಿ. ಬಜೆಟ್‌ನ ಮಾತಲ್ಲ.

ಐಟಿಸಿ, ಎಸ್‌ಪಿಆರ್ ಇಲ್ಲದೆ ಆಗುವುದಿಲ್ಲವಾ?

ಎಂ.ಎಸ್ಸಿ.ಗೆ ಆಗುತ್ತದೆ. ಐಟಿಸಿ ಅಂಟುವಾಗ ಬರುವ ಅಥವಾ ಹೋಗುವ ಶಾಖವನ್ನೇ ಅಳೆದು ಬಲ, ಸಂಖ್ಯೆ, ಎಂಥಾಲ್ಪಿ ಮೂರನ್ನೂ ಒಟ್ಟಿಗೆ ಕೊಡುತ್ತದೆ. ಎರಡೂ ದ್ರಾವಣಗಳ ಬಫರ್ ಒಂದೇ ಇರಬೇಕು. ಡಿಎಂಎಸ್‌ಒ ಸ್ವಲ್ಪ ಏರುಪೇರಾದರೂ ಅದರ ಶಾಖವೇ ಎಲ್ಲವನ್ನೂ ಮುಚ್ಚುತ್ತದೆ. ಎಸ್‌ಪಿಆರ್ ಎಷ್ಟು ಬೇಗ ಅಂಟುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂದು ತೋರಿಸುತ್ತದೆ.

ಕಂಪ್ಯೂಟರ್‌ನಲ್ಲಿ ಡಾಕಿಂಗ್ ಮಾಡಿದರೆ ಸಾಕಾ? ಅದರಲ್ಲಿ ಚಿತ್ರವೂ ಚೆನ್ನಾಗಿ ಬರುತ್ತದೆ.

ಡಾಕಿಂಗ್ ಅಂದರೆ ಅಣು ಡಿಎನ್‌ಎಯ ಎಲ್ಲಿ ಕೂರಬಹುದು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು. ಚಿತ್ರ ಚೆನ್ನಾಗಿ ಬರುತ್ತದೆ, ಅದೇ ಅಪಾಯ. ಹೆಚ್ಚಿನವರು ಇಳಿಸಿಕೊಳ್ಳುವುದು 1ಬಿಎನ್‌ಎ ಎಂಬ ರಚನೆ. ಡಿಕರ್ಸನ್ ಗುಂಪು ಬಿಡಿಸಿದ 12 ಬೇಸ್ ಜೋಡಿಯ ಸ್ಫಟಿಕ ಅದು. ಅದರಲ್ಲಿ ಬೇಸ್‌ಗಳು ಒತ್ತಾಗಿವೆ, ತೂರಲು ಜಾಗವೇ ಇಲ್ಲ. ಡಾಕಿಂಗ್ ಪ್ರೋಗ್ರಾಂ ಸಾಮಾನ್ಯವಾಗಿ ಡಿಎನ್‌ಎಯನ್ನು ಅಲುಗಾಡಿಸುವುದಿಲ್ಲ. ಅಂದಮೇಲೆ ಎಥಿಡಿಯಂ ಕೊಟ್ಟರೂ ಅದು ಕಾಲುವೆಯಲ್ಲೇ ಕೂರಿಸುತ್ತದೆ. ಇಂಟರ್ಕಲೇಶನ್ ಪರೀಕ್ಷಿಸಬೇಕಾದರೆ, ಔಷಧ ತೂರಿ ಜಾಗ ತೆರೆದಿರುವ ಸ್ಫಟಿಕ ರಚನೆ ತೆಗೆದುಕೊಂಡು, ಔಷಧ ತೆಗೆದುಹಾಕಿ, ಅಲ್ಲಿ ನಿಮ್ಮ ಅಣು ಕೂರಿಸಿ ನೋಡಿ. ಎರಡೂ ರಚನೆಗಳ ಫಲಿತಾಂಶ ಕೊಡಿ. ಡಾಕಿಂಗ್ ಪ್ರಯೋಗಕ್ಕೆ ಬೆಂಬಲ ಕೊಡಬಹುದು, ಪ್ರಯೋಗದ ಬದಲಿಗೆ ನಿಲ್ಲಲಾರದು.

ನಮ್ಮ ಕಾಲೇಜಿನಲ್ಲಿ ಉಪಕರಣ ಇಲ್ಲ. ಎಲ್ಲಿ ಹೋಗಲಿ?

ಮೊದಲು ಹತ್ತಿರದಲ್ಲೇ ಕೇಳಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ವಿಭಾಗಗಳಿಗೆ ಗೈಡ್ ಮೂಲಕ ಪತ್ರ ಬರೆಯಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಎಂಬ ಕೇಂದ್ರ ಇದೆ, ಹೊರಗಿನವರ ಸ್ಯಾಂಪಲ್‌ಗಳನ್ನೂ ಶುಲ್ಕ ಪಡೆದು ನೋಡಿಕೊಡುತ್ತಾರೆ. ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಉಪಕರಣ ಯಾವ ಸಂಸ್ಥೆಯಲ್ಲಿದೆ ಎಂದು ಹುಡುಕಿ, ಅಲ್ಲಿಂದಲೇ ಸಮಯ ಕಾಯ್ದಿರಿಸಬಹುದು.

ಬೆಂಗಳೂರಿಗೆ ಹೋಗುವುದಾದರೆ ಕರಗಿಸಿದ ಡಿಎನ್‌ಎ ಹೊತ್ತುಕೊಂಡು ಹೋಗಬೇಡಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಳಿಯುತ್ತೀರಿ, ಅಷ್ಟರಲ್ಲಿ ಐಸ್ ಕರಗಿರುತ್ತದೆ. ಒಣ ಡಿಎನ್‌ಎ, ಒಣ ಸಂಯುಕ್ತ, ತೂಗಿಟ್ಟ ಬಫರ್ ಪುಡಿ ಒಯ್ಯಿರಿ. ಕರಗಿಸುವ ಕೆಲಸ ಅಲ್ಲೇ ಮಾಡಿ, ಅದಕ್ಕೊಂದು ದಿನ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಯೋಗದ ನಡುವೆ ಕರೆಂಟ್ ಹೋದರೆ?

ಯುವಿ ದೀಪ ಮತ್ತೆ ಹತ್ತಿದ ಮೇಲೆ ಅರ್ಧ ಗಂಟೆ ಬಿಟ್ಟು ಬೇಸ್‌ಲೈನ್ ಹೊಸದಾಗಿ ತೆಗೆಯಿರಿ. ಅರ್ಧಕ್ಕೆ ನಿಂತ ಟೈಟ್ರೇಶನ್‌ ಮುಂದುವರಿಸುವುದಕ್ಕಿಂತ ಮೊದಲಿನಿಂದ ಮಾಡುವುದು ಒಳ್ಳೆಯದು.

ಒಂದು ಪ್ರಯೋಗ ಇಂಟರ್ಕಲೇಶನ್ ಅನ್ನುತ್ತದೆ, ಇನ್ನೊಂದು ಗ್ರೂವ್ ಅನ್ನುತ್ತದೆ. ಯಾವುದನ್ನು ಬರೆಯಲಿ?

ಎರಡನ್ನೂ ಬರೆಯಿರಿ. ಎಥಿಡಿಯಂ ಬೆಳಕು ಇಳಿದಿದೆ, ಆದರೆ ವಿಸ್ಕಾಸಿಟಿ ಗೆರೆ ಮಲಗಿದೆ ಎಂದುಕೊಳ್ಳಿ. ನನ್ನ ಮಟ್ಟಿಗೆ ವಿಸ್ಕಾಸಿಟಿಯ ಮಾತಿಗೆ ತೂಕ ಜಾಸ್ತಿ, ಉಷ್ಣತೆ ಸರಿಯಾಗಿ ಕಾಯ್ದುಕೊಂಡಿದ್ದರೆ. ಆಗ ‘ಸಂಯುಕ್ತ ಎಥಿಡಿಯಂನ ಬೆಳಕನ್ನು ಕುಗ್ಗಿಸುತ್ತದೆ, ಆದರೆ ಡಿಎನ್‌ಎ ಉದ್ದವಾಗುವುದಿಲ್ಲ, ಹಾಗಾಗಿ ಪೂರ್ತಿ ಇಂಟರ್ಕಲೇಶನ್‌ಗೆ ಆಧಾರ ಸಿಗಲಿಲ್ಲ’ ಎಂದು ಬರೆಯಿರಿ. ವೈವಾದಲ್ಲಿ ಕೇಳಿದರೆ ಇದನ್ನೇ ಹೇಳಿ. ಒಂದೇ ಅಣು ಪ್ರಮಾಣ ಕಡಿಮೆಯಿದ್ದಾಗ ಒಂದು ಕಡೆ, ಜಾಸ್ತಿಯಾದಾಗ ಇನ್ನೊಂದು ಕಡೆ ಕೂರುವುದೂ ಉಂಟು. ಎರಡೂ ಪ್ರಯೋಗಗಳಲ್ಲಿ ಸಂಯುಕ್ತ ಮತ್ತು ಡಿಎನ್‌ಎ ಅನುಪಾತ ಒಂದೇ ಇತ್ತಾ ಎಂದು ಮೊದಲು ನೋಡಿಕೊಳ್ಳಿ.

ಏನೂ ಬದಲಾವಣೆ ಕಾಣಲೇ ಇಲ್ಲ. ಪ್ರಾಜೆಕ್ಟ್ ಹಾಳಾಯಿತಾ?

ಇಲ್ಲ. ಮೊದಲು ಅದೇ ಡಿಎನ್‌ಎಗೆ ಎಥಿಡಿಯಂ ಹಾಕಿ ನೋಡಿ. ಅದೂ ಅಂಟದಿದ್ದರೆ ಡಿಎನ್‌ಎ ಅಥವಾ ಬಫರ್ ಕೆಟ್ಟಿದೆ. ಅದು ಅಂಟಿದರೆ ಉಪ್ಪನ್ನು 50ರಿಂದ 10 ಮಿಲಿಮೋಲಾರ್‌ಗೆ ಇಳಿಸಿ, ಡಿಎನ್‌ಎ ಪ್ರಮಾಣ ಹತ್ತು ಪಟ್ಟು ಏರಿಸಿ ಮತ್ತೆ ನೋಡಿ. ಆಗಲೂ ಏನೂ ಕಾಣದಿದ್ದರೆ, ಬಳಸಿದ ಡಿಎನ್‌ಎಯ ಗರಿಷ್ಠ ಪ್ರಮಾಣ ಎಷ್ಟು, ಅಷ್ಟರಲ್ಲಿ ಕಾಣಬಹುದಾಗಿದ್ದ ಅತಿ ಚಿಕ್ಕ ಕೆಬಿ ಎಷ್ಟು ಎಂದು ಲೆಕ್ಕ ಹಾಕಿ, ‘ಅದಕ್ಕಿಂತ ಕಡಿಮೆ’ ಎಂದು ಕೋಷ್ಟಕದಲ್ಲಿ ಬರೆಯಿರಿ.